ಗಾಡಿಯ ಮೂಗಿಗೆ ತಗಡು

“ಓದೋಕೆ ಬರಲ್ಲ ಅಂದ್ಮೇಲೆ ಪಿಕಪ್ ಯಾಕ್ರೀ ತಗೋತೀರ? ಎತ್ತಿನ ಗಾಡಿ ಇಟ್ಕೊಳ್ಳಿ. ಅದಕ್ಕಾದ್ರೆ ಮ್ಯಾನ್ಯುಯಲ್ ಇರಲ್ಲ.”

ಸರ್ವೀಸ್ ಸೆಂಟರಿನ ಕೌಂಟರಿನಿಂದ ಪ್ರಿಯದರ್ಶಿನಿ ಹೀಗಂದದ್ದೇ ತಡ, ಟೋಕನ್ ಹಿಡಿದು ಕೂತಿದ್ದ ಹತ್ತು ಹನ್ನೆರಡು ಮಂದಿ ಮೊಬೈಲಿನಿಂದ ತಲೆ ಎತ್ತಿದರು. ಯಾರೋ ಕಿಸಕ್ಕನೆ ನಕ್ಕರು. ಅವಳ ಬೆನ್ನ ಹಿಂದೆ ನಿಂತಿದ್ದ ಮ್ಯಾನೇಜರ್ ಪ್ರೇಮ್‌ಕುಮಾರ್ ನಗಲಿಲ್ಲ, ಸುಮ್ಮನಿರು ಎಂದು ಅವಳಿಗೆ ಹೇಳಲೂ ಇಲ್ಲ; ಕೈಕಟ್ಟಿಕೊಂಡು ನೋಡುತ್ತಿದ್ದ. ಕೌಂಟರಿನ ಈಚೆ ನಿಂತಿದ್ದ ಶಿವಪುತ್ರನ ಕಿವಿಯೆರಡೂ ಬೆಂಕಿ ಮುಟ್ಟಿದ ಹಾಗೆ ಉರಿದವು.

ಹೊರಗೆ ಅವನ ಪಿಕಪ್ಪು ಬೇರೊಂದು ಗಾಡಿಗೆ ಹಗ್ಗ ಕಟ್ಟಿಸಿಕೊಂಡು ಬಂದು ನಿಂತಿತ್ತು. ಕೊಂಡು ಇನ್ನೂ ಹತ್ತು ತಿಂಗಳು. ಅಷ್ಟರಲ್ಲೇ ಐದನೇ ಸಲ ಕೆ.ಆರ್. ಪುರದ ತೂಗುಸೇತುವೆಯ ಮೇಲೆ ರೇಡಿಯೇಟರಿನ ನೀರು ಕುದಿದು ನಿಂತುಬಿಟ್ಟಿತ್ತು. ಈ ಸಲ ಎಂಜಿನ್ನೇ ಕೆಟ್ಟಿತ್ತು. ಹೊಸಕೋಟೆಯಿಂದ ರಸೆಲ್ ಮಾರ್ಕೆಟ್ಟಿಗೆ ಹೊರಟಿದ್ದ ಸೊಪ್ಪೆಲ್ಲ ಸೇತುವೆಯ ಮೇಲೇ ಬಾಡಿತು. “ಒಂದು ವಾರ ನೋಡ್ತೀನಿ ಶಿವು, ಆಮೇಲೆ ಬೇರೆ ಗಾಡಿಗೆ ಹೇಳ್ತೀನಿ. ಬೇಜಾರಾಗ್ಬೇಡ,” ಎಂದು ಸೊಪ್ಪಿನ ವ್ಯಾಪಾರಿ ಹಾಶಿಮ್ ಸಾಹೇಬರು ಫೋನಿನಲ್ಲೇ ಹೇಳಿಬಿಟ್ಟಿದ್ದರು. ವಾರಂಟಿಯಲ್ಲಿ ರಿಪೇರಿಯಾದರೆ ದಿನದ ಲೋಡು ಉಳಿಯುತ್ತದೆ. ಇಲ್ಲವೆಂದರೆ ಗಾಡಿಯೂ ಇಲ್ಲ, ಲೋಡೂ ಇಲ್ಲ.

ತಪ್ಪು ಏನಾಗಿತ್ತೆಂದರೆ, ಗಾಡಿಯ ಮುಂದಿನ ಜಾಲರಿಗೆ ಅಡ್ಡಲಾಗಿ ಅವನೊಂದು ತಗಡು ಹೊಡೆಸಿದ್ದ. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರ: ‘ಅವ್ವ ಸಾಬಮ್ಮನ ಆಶೀರ್ವಾದ’. ಇಪ್ಪತ್ತು ವರ್ಷ ಕಲ್ಯಾಣ ನಗರದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವಳ ಹೆಸರು ಗಾಡಿಯ ಹಿಂದೆಲ್ಲೋ ಬೇಡ, ಹಣೆಯ ಮೇಲೇ ಇರಲಿ ಎಂದು ಈ ತುದಿಯಿಂದ ಆ ತುದಿಯವರೆಗೆ ಬರೆಸಿದ್ದ. ರೇಡಿಯೇಟರಿಗೆ ಗಾಳಿ ಹೋಗುವ ದಾರಿಯೂ ಅದೇ ಎಂದು ಅವನಿಗೆ ಹೊಳೆದಿರಲಿಲ್ಲ.

“ನೋಡಿ, ಪೇಜ್ ನಲವತ್ತೊಂದು,” ಪ್ರಿಯದರ್ಶಿನಿ ಪುಸ್ತಕವನ್ನು ಅವನ ಮುಖಕ್ಕೆ ತಿರುಗಿಸಿದಳು. “ಗ್ರಿಲ್‌ಗೆ ಏನೂ ಅಡ್ಡ ಹಾಕಬಾರದು ಅಂತ ಕ್ಲಿಯರ್ ಆಗಿದೆ. ಗಾಡಿ ಮೂಗಿಗೆ ನೀವೇ ತಗಡು ಹೊಡ್ದು ಉಸಿರು ಕಟ್ಸಿದ್ದೀರ. ವಾರಂಟಿ ಬರಲ್ಲ.”

“ನಂಗ ಓದ್ಲಾಕ ಬರ್ತದ್ರಿ ಮೇಡಂ. ಏಳನೇತ್ತ ತನಕ ಸಾಲಿ ಕಲ್ತೀನಿ. ಈ ಬುಕ್ಕಿನಾಗ ಒಂದಕ್ಷರ ಕನ್ನಡ ತೋರಿಸ್ರಿ ನೋಡಮು.”

ಪುಸ್ತಕವೆಲ್ಲ ಇಂಗ್ಲಿಷಿನಲ್ಲಿತ್ತು. “ಅದು ಕಂಪನಿಯವ್ರನ್ನ ಕೇಳಿ,” ಎಂದಳು.

“ಇರ್ಲಿ. ನಾಕು ಸಲ ಗಾಡಿ ತಂದೀನಿ. ನಾಕೂ ಸಲ ನೀವೇ ರಿಪೇರಿ ಕಾರ್ಡ್ ಬರ್ದೀರಿ. ಒಮ್ಮಿ ಪಂಪ್ ಅಂದ್ರಿ, ಒಮ್ಮಿ ಫ್ಯಾನ್ ಅಂದ್ರಿ, ಒಮ್ಮಿ ಪೈಪ್ ಅಂದ್ರಿ. ಕಡೀಗಿ ನನ್ನ ಡ್ರೈವಿಂಗೇ ಸರಿ ಇಲ್ಲ ಅಂದ್ರಿ. ನಾಕು ಸಲನೂ ಆ ತಗಡಿನ ಮುಂದೇ ನಿಂತು ಬಾನೆಟ್ ಎತ್ತೀರಲ್ಲ, ಓದ್ಲಾಕ ಬರೋರ ಕಣ್ಣಿಗಿ ಅದು ಬೀಳ್ಲಿಲ್ಲೇನು?”

ಈ ಸಲ ಯಾರೂ ನಗಲಿಲ್ಲ. ಪ್ರೇಮ್‌ಕುಮಾರ್ ನಿಧಾನವಾಗಿ ಅವಳ ಕಡೆ ತಿರುಗಿದ. ಅವಳು ತಲೆ ಎತ್ತದೆ ಕೀಬೋರ್ಡು ಕುಟ್ಟುತ್ತ, “ಸುಮ್ನೆ ಗಲಾಟೆ ಮಾಡ್ಬೇಡಿ. ನಿಮ್ಮಂಥೋರಿಗೆ ಹೇಳಿ ಹೇಳಿ ಸಾಕಾಗೋಗಿದೆ. ನೆಕ್ಸ್ಟ್!” ಎಂದಳು.

ಶಿವಪುತ್ರ ಕೌಂಟರಿಗೆ ಗುದ್ದಿದ ಗುದ್ದಿಗೆ ಪೆನ್ನಿನ ಡಬ್ಬಿ ಉರುಳಿ ಬಿತ್ತು. ಸೆಕ್ಯೂರಿಟಿಯವನು ರಟ್ಟೆಗೆ ಕೈ ಹಾಕುವ ಮೊದಲೇ ತಾನೇ ಹೊರಬಿದ್ದ. ಹಲ್ಲು ಕಚ್ಚಿದ್ದಕ್ಕೆ ದವಡೆ ನೋಯುತ್ತಿತ್ತು.

ಗಾಡಿ ತೊಳೆಯುವ ಜಾಗದ ಗೋಡೆಯ ಮರೆಗೆ ಬಂದಾಗ ಹಿಂದೆ ಯಾರೋ ಓಡಿ ಬಂದ ಸದ್ದಾಯಿತು. ಪ್ರಿಯದರ್ಶಿನಿ. ಕೊರಳಿನ ಐಡಿ ಕಾರ್ಡನ್ನು ಜೇಬಿಗೆ ತುರುಕಿಕೊಂಡಿದ್ದಳು.

“ಅಣ್ಣಾ, ಸಿಟ್ಟಾಗಬ್ಯಾಡ್ರಿ.” ಅವಳ ಬಾಯಲ್ಲಿ ಈಗ ಬೆಂಗಳೂರು ಇರಲಿಲ್ಲ. “ನಿಮ್ಮ ಮಾತಿನಾಗೇ ಗೊತ್ತಾತು, ನಮ್ದೂ ಸುರಪುರ ಕಡೀನೇ ಅದ. ನಮ್ಮಪ್ಪನೂ ಇಲ್ಲೇ ಗಾರೆ ಕೆಲಸ ಮಾಡ್ತಾನ. ಮ್ಯಾನೇಜರ್ ಹಿಂದೇ ನಿಂತಿದ್ದ. ನಾಕು ಸಲ ನಾನೇ ನೋಡ್ಲಿಲ್ಲ ಅಂದ್ರ ನನ್ನ ಕೆಲಸ ಹೋಗ್ತದ. ಸೋಮವಾರ ಅಂವ ರಜಾ. ಗಾಡಿ ಇಲ್ಲೇ ಇರ್ಲಿ, ತಗಡು ಬಿಚ್ಚಿಟ್ಟು ಅವತ್ತ ಬರ್ರಿ, ವಾರಂಟಿದಾಗೇ ಮಾಡಸ್ತೀನಿ. ತಪ್ಪು ನಂದೇ ಅದ ಅಣ್ಣಾ.”

ಈ ಮಾತಿಗೆ ಸಿಟ್ಟು ಇಳಿಯಬೇಕಿತ್ತು. ಇನ್ನೂ ಏರಿತು. ಬೈಯುವಾಗ ಅಷ್ಟು ಮಂದಿ ಬೇಕಿತ್ತು; ತಪ್ಪು ಒಪ್ಪಿಕೊಳ್ಳುವಾಗ ಗೋಡೆಯ ಮರೆ!

“ಇದೇ ಮಾತು ಒಳಗ ಬಂದು ಹೇಳ್ತೀರೇನು? ಅವ್ರೆಲ್ಲಾರ ಮುಂದ?”

ಅವಳು ಗೋಡೆಯಂಚಿನಿಂದ ಇಣುಕಿ ಗಾಜಿನ ಬಾಗಿಲ ಕಡೆ ನೋಡಿದಳು. “ಅದ್ಹ್ಯಾಂಗ ಆಗ್ತದಣ್ಣ... ಸೋಮವಾರ ಬರ್ತೀರಿಲ್ಲ?”

ಅಷ್ಟರಲ್ಲಿ ಬಾಗಿಲು ತೆರೆಯಿತು. “ಪ್ರಿಯಾ, ಏನಲ್ಲಿ?” ಪ್ರೇಮ್‌ಕುಮಾರನ ದನಿ.

“ಏನಿಲ್ಲ ಸರ್,” ಅವಳು ಐಡಿ ಕಾರ್ಡನ್ನು ಈಚೆಗೆಳೆದು ನೆಟ್ಟಗೆ ನಿಂತಳು. “ಕಸ್ಟಮರ್‌ಗೆ ರೂಲ್ಸ್ ಎಕ್ಸ್‌ಪ್ಲೇನ್ ಮಾಡ್ತಿದ್ದೆ ಸರ್. ಎಷ್ಟು ಹೇಳಿದ್ರೂ ಇವ್ರ ತಲೆಗೆ ಹೋಗಲ್ಲ.”

ಹಾಗೆನ್ನುತ್ತಲೇ ಅವಳ ಎಡಗೈ, ಮ್ಯಾನೇಜರನಿಗೆ ಕಾಣದಂತೆ ಸೊಂಟದ ಪಕ್ಕದಲ್ಲಿ, ಬಾ, ಬಾ ಎಂದು ಸನ್ನೆ ಮಾಡುತ್ತಿತ್ತು. ಶಿವಪುತ್ರ ಆ ಬಾಯನ್ನೂ ನೋಡಿದ, ಆ ಕೈಯನ್ನೂ ನೋಡಿದ. ಗೇಟು ದಾಟಿ, ಹಾರ್ನುಗಳ ಗದ್ದಲದೊಳಗೆ, ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನ ಕಡೆಗೆ ನಡೆದುಬಿಟ್ಟ.