ಬಲದಿಂದ ತೆರೆಯುವ ಪುಸ್ತಕ

ಶನಿವಾರ ಶಾಲೆ ಬಿಡುವ ಹೊತ್ತಿಗೆ ಅನುರಾಧಾ ಟೀಚರ್ ಚೀಲದಿಂದ ಹೊಸ ಪುಸ್ತಕ ತೆಗೆದು ತಬಸ್ಸುಮಳ ಕೈಗಿಟ್ಟರು. ಕೊಳಕೂರ ಶಾಲೆಯ ಐದನೇ ತರಗತಿಯ ಮಕ್ಕಳೆಲ್ಲ ಕತ್ತು ಚಾಚಿ ನೋಡಿದರು.

"ನಿನ್ನ ಸಲುವಾಗೇ ಕಲಬುರಗಿಯಿಂದ ತಂದೀನಿ. ಉರ್ದು ಕಥಿ. ಇನ್ನರ ಓದ್ತಿ ಇಲ್ಲ?" ಎಂದು ಟೀಚರ್ ಮೊದಲ ಪುಟ ತೆಗೆದು ತೋರಿಸಿದರು. ಉರ್ದು ಪುಸ್ತಕ ಬಲದಿಂದ ತೆರೆಯುವಂಥದ್ದು; ಅದು ಕೊನೆಯ ಪುಟವಾಗಿತ್ತು!

ಟೀಚರ್ ಖುಷಿಗೆ ಕಾರಣವಿತ್ತು. ತರಗತಿಯ ಮೂಲೆಯಲ್ಲಿ ಒಂದು ಪುಸ್ತಕದ ಗೂಡು ಮಾಡಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಕುಸ್ತಿಯದ್ದು, ಹಾವಿನದ್ದು, ಬುದ್ಧನದ್ದು, ಶರಣರದ್ದು, ಆಕಾಶದ್ದು, ಬರೀ ನಗೆಹನಿಯದ್ದು, ಹೀಗೆ ಸಿಕ್ಕಿದ್ದನ್ನೆಲ್ಲ ಕೂಡಿಸಿದ್ದರು. ಮಕ್ಕಳು ಮುಗಿಬಿದ್ದು ಮನೆಗೆ ಒಯ್ಯುತ್ತಿದ್ದರು. ಈ ಹುಡುಗಿಯೊಬ್ಬಳು ಮಾತ್ರ ವಾರವಾರವೂ ಗೂಡಿನ ಮುಂದೆ ನಿಂತು, ಕಣ್ಣಾಡಿಸಿ, ಬರಿಗೈಲಿ ಹೋಗುತ್ತಿದ್ದಳು. ಪಾಪ, ಮನೆಮಾತಿನ ಪುಸ್ತಕ ಒಂದೂ ಇಲ್ಲ, ಅದಕ್ಕೇ ಎಂದು ಟೀಚರ್ ತಾವೇ ತೀರ್ಮಾನ ಮಾಡಿಬಿಟ್ಟಿದ್ದರು.

ತಬಸ್ಸುಮ್ ತಲೆ ತಗ್ಗಿಸಿ ನಿಂತಳು. ಹಿಂದಿನಿಂದ ಮೈತ್ರಿ ಕೇಳಿದಳು: "ಟೀಚರ್, ಅದು ಆಕಿ ಬುಕ್ಕೇನ್ರಿ? ನಾವು ಮುಟ್ಟಬಾರದೇನ್ರಿ?"

ಟೀಚರ್‌ಗೆ ತಮ್ಮ ಬಗ್ಗೆಯೇ ನಾಚಿಕೆಯಾಯಿತು. ನಿನ್ನೆಯವರೆಗೆ ಆ ಗೂಡಿನಲ್ಲಿ ನಮ್ಮದು, ಅವರದು ಎಂಬುದೇ ಇರಲಿಲ್ಲ. ಹುಡುಗಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಯಾಕವ್ವಾ, ಬುಕ್ ಮನಸ್ಸಿಗೆ ಸೇರಲಿಲ್ಲೇನು?"

"ಓದಾಕ ಬರಂಗಿಲ್ರಿ ಟೀಚರ್. ಮನ್ಯಾಗ ಮಾತಾಡ್ತೇವ್ರಿ, ಅಷ್ಟ. ನಾ ಕನ್ನಡ ಸಾಲಿ ಹುಡುಗಿ ಅಲ್ರಿ?"

"ಮತ್ತ ವಾರಾವಾರಾ ಬರಿಗೈಲಿ ಯಾಕ ಹೋಗ್ತಿ?"

"ನನಗ ಆಕಾಶದ ಬುಕ್ ಬೇಕ್ರಿ. ಯಾವಾಗ ನೋಡಿದ್ರೂ ಕಲ್ಲಿನಾಥನ ಕಡೀಗೇ ಇರ್ತದ."

ಅಯ್ಯೋ ದೇವರೇ, ಇಷ್ಟೇನಾ! ಟೀಚರ್ ಎಲ್ಲ ಮಾಡಿದ್ದರು, ಒಂದು ಮಾತು ಕೇಳುವುದನ್ನು ಬಿಟ್ಟು.

ಅದೇ ತರಗತಿಯ ಕಲ್ಲಿನಾಥ ಆಕಾಶದ ಪುಸ್ತಕವನ್ನು ಎದೆಗವಚಿಕೊಂಡೇ ನಿಂತಿದ್ದ. ಆದರೆ ಅವನ ಕಣ್ಣು ಉರ್ದು ಪುಸ್ತಕದ ಮೇಲಿತ್ತು. "ಟೀಚರ್, ಅದನ್ನ ನಾ ಒಯ್ಲೇನ್ರಿ? ನಮ್ಮ ಮುತ್ಯಾ ಓದ್ತಾನ್ರಿ. ನಿಜಾಮನ ಕಾಲದಾಗ ಉರ್ದು ಸಾಲಿಗೆ ಹೋಗಿದ್ನಂತ. ಕನ್ನಡ ಓದಾಕ ಬರಂಗಿಲ್ರಿ ಅವಂಗ."

"ಒಂದು ಒಯ್ದರ ಒಂದು ಬಿಡಬೇಕು ನೋಡಪಾ."

ಹುಡುಗ ತುಸು ಹೊತ್ತು ಒದ್ದಾಡಿದ. ಕೊನೆಗೆ ಆಕಾಶವನ್ನು ತಬಸ್ಸುಮಳ ಕೈಗೆ ಕೊಟ್ಟ.

ಸೋಮವಾರ ಸಂಜೆ ಟೀಚರ್ ಜೇವರ್ಗಿ ಬಸ್ಸಿಗೆ ಹೊರಟಾಗ ಕಲ್ಲಿನಾಥನ ಮನೆಯ ಕಟ್ಟೆಯ ಮೇಲೆ ಮಕ್ಕಳ ಹಿಂಡೇ ಕೂತಿತ್ತು. ಅವನ ಅಜ್ಜ, ತೊಂಬತ್ತು ದಾಟಿದ ಚಂದ್ರಾಮಪ್ಪ ಮುತ್ಯಾ, ಪುಸ್ತಕವನ್ನು ಬಲದಿಂದಲೇ ತೆರೆದು, ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದರು. ನಡುವೆ ತಡೆದು, "ಈ ಶಬ್ದದ ಅರ್ಥ ಮರತೇನಲ್ಲ ಬೇ, ಏನದು?" ಎಂದು ಪಕ್ಕಕ್ಕೆ ತಿರುಗುತ್ತಿದ್ದರು. ಪಕ್ಕದಲ್ಲಿದ್ದ ತಬಸ್ಸುಮ್, ಆಕಾಶದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಥಟ್ಟನೆ ಕನ್ನಡದಲ್ಲಿ ಹೇಳುತ್ತಿದ್ದಳು. ಓದು ಅವರದು, ಅರ್ಥ ಇವಳದು. ಮೈತ್ರಿ ಬಾಯಿ ತೆರೆದು ಕೇಳುತ್ತಿದ್ದಳು.

"ಟೀಚರವ್ವಾ, ಇದು ಮುಗೀಲಾಕ ಬಂತು. ಇನ್ನೊಂದು ತರ್ರಿ" ಎಂದರು ಮುತ್ಯಾ.

"ಎಂಥಾದ್ದು ತರಲಿ ಮುತ್ಯಾ? ಏನು ಓದಬೇಕು ಅನಸ್ತದ ನಿಮಗ?" ಈ ಸಲ ಟೀಚರ್ ಮೊದಲೇ ಕೇಳಿದರು.

ಮುತ್ಯಾ ಚಷ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸಿದರು, ಮತ್ತೆ ಒರೆಸಿದರು.

"ನನಗ ಏನು ಬೇಕಂತ ಯಾರೂ ಕೇಳಿರಲಿಲ್ಲ ಬೇ, ಇಲ್ಲೀತನಕ" ಎಂದರು. ಆಮೇಲೆ ಮಕ್ಕಳ ಕಡೆ ಕಳ್ಳನೋಟ ಬೀರಿ, ದನಿ ತಗ್ಗಿಸಿ ಹೇಳಿದರು: "ದೆವ್ವದ ಕಥಿ ತರ್ರಿ."