ಬಸವಲಿಂಗಮ್ಮನ ಒಂದೂವರೆ ಎಕರೆ

ಅಕ್ಕ ಬಂದೇಬಿಟ್ಟಿದ್ದಳು. ಹಾಸನದ ಭೂಸ್ವಾಧೀನ ಕಚೇರಿಯ ಬೆಂಚಿನ ತುದಿಯಲ್ಲಿ, ರುದ್ರೇಶನ ಮುಖ ನೋಡದೆ ಕೂತಿದ್ದಳು.

“ಹೊಳೆನರಸೀಪುರದಿಂದ ಮೊದಲ್ನೇ ಬಸ್ಸೇ ಅತ್ಕಂಡು ಬಂದವಳೆ ಕಣ್ಲಾ,” ಎಂದ ನೆರೆಹೊಲದ ಮಾದಯ್ಯ. “ದುಡ್ಡಿನ ವಾಸ್ನೆ ಅಂದ್ರೆ ಅಂಗೇ.”

ಹೊಸ ರಸ್ತೆಗೆ ದುದ್ದದ ಕಡೆಯ ಅವರ ಊರಿನ ಅರವತ್ತು ಎಕರೆ ಹೋಗುತ್ತಿತ್ತು. ರುದ್ರೇಶನದು ಮೂರು. ಅದರಲ್ಲಿ ಅರ್ಧ ಅಕ್ಕ ಬಸವಲಿಂಗಮ್ಮನ ಪಾಲು. ಎರಡು ವರ್ಷದ ಹಿಂದೆ ಬರೆಸಿಕೊಂಡಿದ್ದ. ಬರೀ ಹಕ್ಕು ಬಿಡುಗಡೆ ಪತ್ರವಾದರೆ ಮುಂದೆ ಅಕ್ಕನ ಮಕ್ಕಳು ತಕರಾರು ತೆಗೆದಾರೆಂದು ಕ್ರಯಪತ್ರವನ್ನೇ ಮಾಡಿಸಿದ್ದ. ಎಕರೆಗೆ ಎರಡು ಲಕ್ಷ. “ಬರೀ ಕಲ್ಲು ಕಣಕ್ಕ, ಯಾರೂ ಮೂಸಕಿಲ್ಲ,” ಎಂದಿದ್ದ. ರಸ್ತೆಯ ಸುದ್ದಿ ಅವನಿಗೆ ಆಗಲೇ ಗೊತ್ತಿತ್ತು.

ಈಗ ಕಚೇರಿಯವರು ಎಕರೆಗೆ ಇಪ್ಪತ್ತೆರಡು ಲಕ್ಷ ಅನ್ನುತ್ತಿದ್ದರು. ಊರಿನವರು ನಲವತ್ತಕ್ಕೆ ಪಟ್ಟು ಹಿಡಿದಿದ್ದರು. ನಡುವೆ ಅಕ್ಕನ ಅರ್ಜಿ: ತಮ್ಮ ಸುಳ್ಳು ಹೇಳಿ ಬರೆಸಿಕೊಂಡ, ಅದು ನಿಜವಾದ ಬೆಲೆಯಲ್ಲ, ನನ್ನ ಪಾಲಿನ ಪರಿಹಾರ ನನಗೆ ಕೊಡಿ.

ಮಾದಯ್ಯನ ಜೊತೆ ಇನ್ನೂ ಏಳು ಗಂಡಸರು ಸಾಕ್ಷಿಗೆ ಬಂದಿದ್ದರು. ರುದ್ರೇಶನ ಮೇಲಿನ ಪ್ರೀತಿಗಲ್ಲ. ಎಲ್ಲರಿಗೂ ಮದುವೆಯಾಗಿ ಹೋದ ಅಕ್ಕತಂಗಿಯರಿದ್ದರು. ಈಕೆ ಗೆದ್ದರೆ ನಾಳೆ ಅವರೂ ಬಸ್ಸು ಹತ್ತುತ್ತಾರೆ. ಇಷ್ಟು ಜನ ಇರುವಾಗ ವಕೀಲರ ಫೀಸು ದಂಡವೆಂದು ರುದ್ರೇಶ ವಕೀಲರನ್ನೇ ಹಿಡಿದಿರಲಿಲ್ಲ.

ಅಧಿಕಾರಿ ಕೋಮಲಾ ಕ್ರಯಪತ್ರ ತಿರುವಿದರು. “ಅಕ್ಕ ಅಂತ ಕಡಿಮೆ ಕೊಟ್ಟಿರಾ?”

“ಇಲ್ಲ ಮೇಡಂ. ಊರಲ್ಲಿ ನಡೀತಿದ್ದ ರೇಟೇ ಕೊಟ್ಟಿವ್ನಿ.”

“ಯೋಚಿಸಿ ಹೇಳಿ. ಪ್ರಮಾಣ ಮಾಡಿದ್ದೀರಿ.”

“ವರಗಿನೋರು ತಗಂಡಿದ್ರೂ ಒಂದ್ರುಪಾಯಿ ಜಾಸ್ತಿ ಸಿಕ್ತಿರ್ನಿಲ್ಲ.”

ಬಸವಲಿಂಗಮ್ಮ ಮೊದಲ ಸಲ ತಲೆಯೆತ್ತಿದಳು. “ಸುಳ್ಳಾಡ್ಬ್ಯಾಡ ಕಣೋ ರುದ್ರ. ನಿಂಗೂ ಒಳ್ಳೇದಾಗಕಿಲ್ಲ.”

“ಕಚೇರೀಲೇ ಶಾಪ ಆಕ್ತಾವಳಲ್ಲ ಮೇಡಂ!” ಮಾದಯ್ಯ ಮುಂದೆ ನುಗ್ಗಿದ. “ನಮ್ಮೂರಲ್ಲಿ ಎಲ್ಡು ಲಕ್ಷದ ಮ್ಯಾಲೆ ಯಾವನೂ ಕೇಳ್ತಿರ್ನಿಲ್ಲ. ಬರ್ಕೊಳಿ, ಸೈನ್ ಆಕ್ತೀವಿ.”

ಎಂಟು ಜನವೂ ಪ್ರಮಾಣ ಮಾಡಿದರು. ಏಳು ಸಹಿ, ಒಂದು ಹೆಬ್ಬೆಟ್ಟು.

ಬಸವಲಿಂಗಮ್ಮನ ಅರ್ಜಿ ವಜಾ ಆಯಿತು. ಅವಳು ಸೆರಗು ಹೊದ್ದುಕೊಂಡು ಎದ್ದು ಹೋದಳು. ಯಾರೂ ದಾರಿ ಬಿಡಲಿಲ್ಲ, ಸುತ್ತಿಕೊಂಡು ಹೋದಳು. ಮಾದಯ್ಯ ರುದ್ರೇಶನ ಬೆನ್ನಿಗೆ ಗುದ್ದಿದ. “ಗೆದ್ಬುಟ್ಟೆ ಕಣ್ಲಾ!”

“ಇನ್ನು ನಮ್ ರೇಟಿಂದು ಮೇಡಂ,” ರುದ್ರೇಶ ಕುರ್ಚಿ ಎಳೆದುಕೊಂಡ. “ಇಪ್ಪತ್ತೆರಡು ಯಾವ ಮೂಲೆಗೂ ಸಾಲ್ದು. ನಲವತ್ತು ಮಾಡಿ.”

ಕೋಮಲಾ ಇಪ್ಪತ್ತೆರಡರ ಮೇಲೆ ಗೀಟು ಎಳೆದರು. ಊರಿನವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

“ಪರಿಹಾರ ನಿಗದಿ ಮಾಡುವುದು ಊರಿನ ಕ್ರಯಪತ್ರಗಳ ಬೆಲೆ ನೋಡಿ. ಮೂರು ವರ್ಷದಲ್ಲಿ ನಿಮ್ಮೂರಿನಲ್ಲಿ ಆಗಿರುವ ಕ್ರಯ ಇದೊಂದೇ,” ಎಂದರು ಅವರು. “ಅಕ್ಕ ತಮ್ಮನ ವ್ಯವಹಾರ, ನಿಜವಾದ ಬೆಲೆ ಇರಲಾರದು ಅಂತ ಇದನ್ನು ಪಕ್ಕಕ್ಕಿಟ್ಟು ಹತ್ತಿರದ ಶಾಂತಿಗ್ರಾಮದ ಕಡೆಯ ದರ ಹಿಡಿದಿದ್ದೆವು. ನಿಜವಾದ ಬೆಲೆಯೇ ಅಂತ ಈಗ ಒಂಬತ್ತು ಜನ ಪ್ರಮಾಣ ಮಾಡಿದ್ದೀರಿ. ಇನ್ನು ಅರವತ್ತಕ್ಕೂ ಎಕರೆಗೆ ಎರಡೇ ಲಕ್ಷ.”