ಬರೀರಿ

ವೆಬ್ ಪತ್ರಿಕೆಯ ಸ್ನೇಹಲ್ ಫೋನಿನಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು.

“ಕಾಕಾ, ತಪ್ಪು ತಿಳೀಬ್ಯಾಡ್ರಿ. ಆ ವಾಯ್ಸ್ ಮೆಸೇಜ್ ಖರೇನ ನಿಮ್ಮ ಹತ್ರ ಅದ ಅಲ್ರಿ?”

“ಅದವ್ವಾ.”

“ಹಂಗಾರ ಕಳಸ್ರಿ. ಕೋವಿಡ್ ಕಥಿ ಅಂತ ಸುಳ್ಳ ಬರದು ರೊಕ್ಕ ಎತ್ತಿದವರು ಇದ್ದಾರ. ನಮ್ಮ ಆಫೀಸಿನಾಗ ಪುರಾವೆ ಕೇಳ್ತಾರ.”

ಸಿದ್ದಾರೂಢ ಫೋನ್ ಕೆಳಗಿಟ್ಟ. ಐದು ವರ್ಷದಲ್ಲಿ ಆ ಸಂದೇಶವನ್ನು ಅವನು ಯಾರಿಗೂ ಕೇಳಿಸಿರಲಿಲ್ಲ.

ಅದರಲ್ಲಿದ್ದದ್ದು ಒಂದೇ ಪದ. ಕೋವಿಡ್ ವಾರ್ಡಿನ ಹಾಸಿಗೆಯಿಂದ ಹೆಂಡತಿ ರೇಣು ಕಳಿಸಿದ್ದು. ಸುಂಯ್ ಎನ್ನುವ ಆಕ್ಸಿಜನ್ ಸದ್ದಿನಲ್ಲಿ ಅರ್ಧ ಮುಳುಗಿದ ಅವಳ ದನಿ: “ಬರೀರಿ.” ಬೆಳಗಾಗುವಷ್ಟರಲ್ಲಿ ಅವಳಿರಲಿಲ್ಲ.

ಅವನು ಪುಣೆಯ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ಯಾರು ಕೇಳಿದರೂ ವಿಜ್ಞಾನದ ಲೇಖನ ಬರೆದು ಕೊಡುತ್ತಿದ್ದ. ಅದು ರೇಣುವಿಗೆ ಸೇರುತ್ತಿರಲಿಲ್ಲ. “ಪುಕ್ಕಟ ಬರದ್ರ ಯಾರ್ ಕಿಮ್ಮತ್ತು ಕೊಡ್ತಾರ್ರಿ? ರೊಕ್ಕ ಕೊಡೋರಿಗೆ ಬರೀರಿ.” ಇಷ್ಟು ಹೇಳಿ ಒಳಗೆ ಹೋದವಳು ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕೂಗುತ್ತಿದ್ದಳು: “ಗೀಚಿದ್ದು ಸಾಕು, ರೊಟ್ಟಿ ಆರತಾವ, ಬರ್ರಿ.” ಅವನ ಉತ್ತರವೂ ಬದಲಾಗುತ್ತಿರಲಿಲ್ಲ. “ಒಂದ ಸಾಲು ಉಳದದ, ಬಂದೆ.” ರೊಟ್ಟಿ ಆರಿಯೇ ಹೋಗುತ್ತಿದ್ದವು.

ಸಂಭಾವನೆ ಕೊಡುವ ಮೊದಲ ಕೆಲಸ ಸಿಕ್ಕಿದ್ದು ಎರಡನೆಯ ಅಲೆಯಲ್ಲಿ. ವೆಂಟಿಲೇಟರ್ ಹೇಗೆ ಕೆಲಸ ಮಾಡುತ್ತದೆ ಎಂದು ಬರೆಯಬೇಕಿತ್ತು. ಅದೇ ವಾರ ರೇಣು ಆಸ್ಪತ್ರೆ ಸೇರಿದಳು. ಲೇಖನ ಕಳಿಸಬೇಕಾದ ಹಿಂದಿನ ಸಂಜೆ ವಾರ್ಡಿನ ಸಿಸ್ಟರ್ ಫೋನ್ ಮಾಡಿದರು. ಕಿಟ್ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿ ಹೋಗಬಹುದು ಎಂದರು. ಅವನು ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದ. ಅಷ್ಟರಲ್ಲಿ ರೇಣುವಿನ ಸಂದೇಶ ಬಂತು.

ಅಂಥ ಹೊತ್ತಿನಲ್ಲೂ ಅವಳಿಗೆ ಅವನ ಲೇಖನದ ಚಿಂತೆ. ಅವನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಮುಂಜಾನೆ ಮುಗಿಸಿಕೊಂಡೇ ಹೋದರಾಯಿತು ಎಂದುಕೊಂಡು ಚಪ್ಪಲಿ ಬಿಟ್ಟ. ಕುಳಿತು ಬರೆದ.

ತಂಗಿ ಅನುಸೂಯಾ ಧಾರವಾಡದಿಂದ ಬಂದಾಗ ಕೇಳಿದ್ದಳು: “ಒಮ್ಮೆ ಹೋಗಿ ಮಾರಿ ನೋಡಿ ಬರಬಾರದಿತ್ತೇನಣ್ಣ?” ಆಗ ಅವನ ಬಳಿ ಉತ್ತರವಿತ್ತು. “ಅಕಿನ ಬರೀರಿ ಅಂದ್ಲವಾ.” ನಡುರಾತ್ರಿ ಎಚ್ಚರವಾದಾಗ ತನ್ನನ್ನೇ ಕೇಳಿಕೊಳ್ಳುವ ಪ್ರಶ್ನೆಗೂ ಅವನಲ್ಲಿ ಬೇರೆ ಉತ್ತರವಿರಲಿಲ್ಲ. ಆ ಒಂದು ಪದದ ಮೇಲೆ ಅವನು ಇಷ್ಟು ವರ್ಷ ನಿಂತಿದ್ದ.

ರೇಣುವಿನ ಮಾತನ್ನು ಅವನು ತಪ್ಪದೆ ಪಾಲಿಸಿದ. ದಿನಾ ಬೆಳಿಗ್ಗೆ ಅವ್ವನಿಗೆ ಚಹಾ ಕೊಟ್ಟು ಲ್ಯಾಪ್‌ಟಾಪ್ ತೆರೆಯುತ್ತಿದ್ದ. ಸಾಂಕ್ರಾಮಿಕ, ಲೇಖನ ಆಹ್ವಾನ, ಸಂಭಾವನೆ ಎಂದು ಹುಡುಕುತ್ತಿದ್ದ. ಕೆಲವರು ಬರೆಯುವವರಿಂದಲೇ ಶುಲ್ಕ ಕೇಳುತ್ತಿದ್ದರು. ಕೆಲವರು ಹೆಸರು ಬರುತ್ತದಲ್ಲ, ಅದೇ ಸಂಭಾವನೆ ಎನ್ನುತ್ತಿದ್ದರು. ಅಂಥವರಿಗೆ ಅವನು ಒಂದಕ್ಷರವನ್ನೂ ಕೊಡಲಿಲ್ಲ. ಸಂಭಾವನೆ ಕೊಟ್ಟವರಿಗೆ ಲಸಿಕೆಯ ಶೀತಪೆಟ್ಟಿಗೆಯ ಬಗ್ಗೆ ಬರೆದ, ಚರಂಡಿ ನೀರಿನಲ್ಲಿ ವೈರಾಣು ಪತ್ತೆ ಮಾಡುವುದರ ಬಗ್ಗೆ ಬರೆದ. ಹೆಚ್ಚು ಜನ ಮೆಚ್ಚಿದ್ದು ಮಾಸ್ಕ್ ಹಿಂದಿನ ಮಾತಿನ ಕುರಿತ ಲೇಖನ. ಕಿವಿಗೆ ಸರಿಯಾಗಿ ಕೇಳದ ಸದ್ದನ್ನು ಮೆದುಳು ತಾನೇ ತುಂಬಿಕೊಳ್ಳುತ್ತದೆ, ಅದೂ ತಾನು ನಿರೀಕ್ಷಿಸಿದ್ದನ್ನೇ ಎಂದು ಅದರಲ್ಲಿ ಉದಾಹರಣೆ ಸಮೇತ ವಿವರಿಸಿದ್ದ.

ರೇಣುವಿನ ಬಗ್ಗೆ ಬರೆದದ್ದು ಇದೇ ಮೊದಲು. ಸ್ನೇಹಲ್‌ಳ ವೆಬ್ ಪತ್ರಿಕೆ ‘ಐದು ವರ್ಷದ ನಂತರ’ ಎಂಬ ಮಾಲೆಗೆ ಸ್ವಂತ ಅನುಭವ ಕೇಳಿತ್ತು. ಬರಹ ಇಂಗ್ಲಿಷಿನಲ್ಲಿ, ಶೀರ್ಷಿಕೆ ಮಾತ್ರ ಕನ್ನಡದಲ್ಲಿ: ‘ಬರೀರಿ’. ಜೊತೆಗೆ ರೇಣುವಿನ ದನಿಯನ್ನೂ ಓದುಗರಿಗೆ ಕೇಳಿಸೋಣ ಎಂದು ಸ್ನೇಹಲ್ ಅಂದಿದ್ದಳು.

ಅವನು ಸಂದೇಶವನ್ನು ಕಳಿಸಿದ.

ಮರುದಿನ ಸ್ನೇಹಲ್ ತಾನೇ ಫೋನ್ ಮಾಡಿದಳು. ಪುಣೆಯಲ್ಲೇ ಹುಟ್ಟಿದ ಬೆಳಗಾವಿ ಮನೆತನದ ಹುಡುಗಿ, ಪಟಪಟ ಮಾತಾಡುವವಳು. ಇಂದು ತಡೆದು ತಡೆದು ಮಾತಾಡಿದಳು.

“ಕಾಕಾ, ನಮ್ಮ ಆಫೀಸಿನ ಅಮೇಯ ಆಡಿಯೋ ಸಾಫ್ ಮಾಡ್ಯಾನ. ಆಕ್ಸಿಜನ್ ಆವಾಜ್ ಎಲ್ಲಾ ತಗದಾನ. ಮೇಲ್ ಮಾಡೀನಿ. ನೀವೊಮ್ಮೆ ಸಮಾಧಾನದಿಂದ ಕುಂತು ಕೇಳ್ರಿ. ಶೀರ್ಷಿಕೆ… ಆಮ್ಯಾಲೆ ನೋಡೂಣು. ಘಾಯಿ ಏನಿಲ್ಲ, ಅವಸರ ಮಾಡಬ್ಯಾಡ್ರಿ.”

“ಯಾಕವ್ವಾ, ಸುಳ್ಳ ಅನಿಸ್ತೇನು?”

“ಇಲ್ರಿ ಕಾಕಾ,” ಎಂದಳು. “ಭಾಳ ಖರೇ ಅದ.”

ಅವ್ವ ಶಿವಗಂಗವ್ವ ಪಡಸಾಲೆಯಲ್ಲಿ ಮೆಂತ್ಯ ಸೊಪ್ಪು ಸೋಸುತ್ತ ಕುಳಿತಿದ್ದಳು. ಈಚೆಗೆ ಅವಳಿಗೆ ಹಳೆಯದೆಲ್ಲ ನೆನಪಿರುತ್ತಿತ್ತು, ಆಮೇಲಿನದು ನಿಲ್ಲುತ್ತಿರಲಿಲ್ಲ.

“ರೇಣು ಎಲ್ಲಿ ಹೋದ್ಲೋ?”

“ಮಾರ್ಕೆಟ್ ಯಾರ್ಡಿಗೆ ಹೋಗ್ಯಾಳವ್ವ. ಕಾಯಿಪಲ್ಲೆ ತರಾಕ.”

“ಭಾಳ ಹೊತ್ತಾತಲ್ಲ,” ಎಂದು ಅವ್ವ ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ಸಿದ್ದಾರೂಢ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ಧ್ವನಿ ಏರಿಸಿದ. ಬಟನ್ ಒತ್ತಿದ.

ಸುಂಯ್ ಎನ್ನುವ ಸದ್ದು ಇರಲಿಲ್ಲ. ಗೋಡೆಯಾಚೆ ನಿಂತು ಕರೆದಷ್ಟು ಹತ್ತಿರದಲ್ಲಿ ರೇಣುವಿನ ದನಿ.

ಮತ್ತೆ ಒತ್ತಿದ. ಕಣ್ಣು ಮುಚ್ಚಿ ಇನ್ನೊಮ್ಮೆ ಒತ್ತಿದ. ಬೇರೇನಾದರೂ ಕೇಳಿಸೀತೆಂದು ಮತ್ತೆ ಮತ್ತೆ ಒತ್ತುತ್ತಲೇ ಇದ್ದ.

ಅವ್ವ ಸೊಪ್ಪು ಬಿಟ್ಟು ತಲೆಯೆತ್ತಿದಳು. ಅಡುಗೆಮನೆಯ ಕಡೆಗೊಮ್ಮೆ, ಮಗನ ಕಡೆಗೊಮ್ಮೆ ನೋಡಿದಳು.

“ಎಷ್ಟ ಸಲ ‘ಬರ್ರಿ, ಬರ್ರಿ’ ಅಂತ ಕರೀಬೇಕೋ ಸಿದ್ದೂ ಅಕಿ? ಎದ್ದು ಹೋಗಬಾರದೇನು?”